ಬೆಕ್ಕು ಮೇಯುವ ಹುಲ್ಲು

ಪಶುವೈದ್ಯೆಯಾಗಿ ನನ್ನ ಸರಕಾರಿ ಕೆಲಸವೆಲ್ಲ ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳ ಈ ಸುತ್ತಿನಲ್ಲೇ ಮುಗಿಯಿತು. ಈಗ ಮನೆಯಲ್ಲಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ನಾವು ಕಲಿಯುವ ಕಾಲದಲ್ಲಿ ದೊಡ್ಡವರನ್ನು ಕೇಳುತ್ತಿದ್ದದ್ದು ಕೆಚ್ಚಲು ಬಾವು, ಕರು ಹಾಕಲಾಗದೆ ಒದ್ದಾಡುವ ಹಸು, ಹುಚ್ಚುನಾಯಿ ಕಡಿದ ಎಮ್ಮೆ, ಇಂಥವುಗಳ ಬಗ್ಗೆ. ಈಗಿನವರು ಕೇಳುವುದು ಬೇರೆ. ಹೊಸ ಮನೆಗಳ ಮುಂದೆ ಈಗ ಅಲಂಕಾರಕ್ಕೆಂದು ಹುಲ್ಲು ನೆಡುವುದು ಬಂದಿದೆ. ಅದೇ ಮನೆಗಳಲ್ಲಿ ಬೆಕ್ಕೂ ಇದೆ. "ಮೇಡಂ, ಬೆಕ್ಕು ಆ ಹುಲ್ಲನ್ನು ತಿಂದರೆ ತೊಂದರೆ ಉಂಟಾ ಅಂತ ಕೇಳ್ತಾರೆ, ಎಂತ ಹೇಳುವುದು?" ಎನ್ನುತ್ತಾರೆ.

ಹುಲ್ಲಿನಲ್ಲಿ ವಿಷವಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಫೋನ್ ಇಡಬಹುದು. ಹೆಚ್ಚಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಆ ಒಂದು ಮಾತಿನ ಹಿಂದೆ ನಾನು ಕಂಡದ್ದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗುವುದಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬೆಕ್ಕನ್ನು ಯಾರೂ ಆಸ್ಪತ್ರೆಗೆ ತರುತ್ತಿರಲಿಲ್ಲ. ದನ ಬರುತ್ತಿತ್ತು, ಆಡು ಬರುತ್ತಿತ್ತು, ಕೋಳಿಯೂ ಬರುತ್ತಿತ್ತು. ಬೆಕ್ಕಿಗೆ ಕಾಯಿಲೆಯಾದರೆ ಅದು ಎಲ್ಲಿಯೋ ಹೋಗಿ ಮಲಗುತ್ತಿತ್ತು, ಗುಣವಾದರೆ ತಿರುಗಿ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಬೆಳ್ತಂಗಡಿ ಕಡೆಯ ಒಂದು ಆಸ್ಪತ್ರೆಯಲ್ಲಿ ನನ್ನ ಮೇಲಧಿಕಾರಿಯಾಗಿದ್ದವರು ಶೀನಪ್ಪ ಡಾಕ್ಟರು. ದೊಡ್ಡ ಕೈಗಳ ಮನುಷ್ಯ. ಹಸುವಿನ ಹೊಟ್ಟೆಯೊಳಗೆ ಅಡ್ಡವಾಗಿ ಮಲಗಿದ ಕರುವನ್ನು ತೋಳು ಪೂರ್ತಿ ಒಳಗೆ ಹಾಕಿ ತಿರುಗಿಸುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಾತು ತೀರ ಕಡಿಮೆ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ನಾವು ಮಾಡಿದ್ದನ್ನು ಇನ್ನೊಮ್ಮೆ ನಮ್ಮ ಕೈಯಿಂದಲೇ ಮಾಡಿಸುತ್ತಿದ್ದರು.

ಅವರ ಹತ್ತಿರ ಒಂದು ದಿನ ನೆರಿಯದಿಂದ ಕಮಲಕ್ಕ ಎಂಬವರು ಬಂದರು. ಬಸ್ಸಿನಲ್ಲಿ ಬುಟ್ಟಿಯೊಳಗೆ ಬೆಕ್ಕು ಹಾಕಿ, ಮೇಲೆ ಹಳೇ ಸೀರೆ ಬಿಗಿದು ತಂದಿದ್ದರು. ಬೆಕ್ಕು ನಿಲ್ಲಿಸದೆ ಸೀನುತ್ತಿತ್ತು. ಒಂದು ಮೂಗಿನ ಹೊಳ್ಳೆಯಿಂದ ಮಾತ್ರ ನೀರು ಇಳಿಯುತ್ತಿತ್ತು. ಶೀನಪ್ಪ ಡಾಕ್ಟರು ಶೀತವೆಂದು ಇಂಜೆಕ್ಷನ್ ಕೊಟ್ಟರು. ಮುಂದಿನ ವಾರ ಕಮಲಕ್ಕ ಮತ್ತೆ ಬಂದರು. ಕಡಿಮೆಯಾಗಿರಲಿಲ್ಲ. ಇನ್ನೊಂದು ಇಂಜೆಕ್ಷನ್ ಆಯಿತು. ಮೂರನೆಯ ಸಲ ಬಂದಾಗ ಬೆಕ್ಕು ಊಟ ಬಿಟ್ಟಿತ್ತು, ಮಲಗಿದಲ್ಲೇ ಗೊರಕೆಯಂಥ ಸದ್ದು ಮಾಡುತ್ತಿತ್ತು.

"ಬಸ್ಸಿನಲ್ಲಿ ಎಲ್ಲರೂ ನಗಾಡ್ತಾರೆ ಡಾಕ್ಟ್ರೇ," ಎಂದರು ಕಮಲಕ್ಕ. "ಪುಚ್ಚೆಗೆ ಟಿಕೆಟ್ ಮಾಡಿದ್ದೀರಾ ಅಂತ ಕಂಡಕ್ಟರ್ ಕೇಳಿದ. ನಗಾಡ್ಲಿ. ಬೆಳಗ್ಗೆ ಕತ್ತಲೆಗೆ ನಾನು ರಬ್ಬರ್ ಟ್ಯಾಪಿಂಗಿಗೆ ಹೋಗುವಾಗ ಇದೇ ಮುಂದಿನಿಂದ ಹೋಗುವುದು. ಒಂದು ಮರದಿಂದ ಇನ್ನೊಂದು ಮರಕ್ಕೆ. ಕಾಡಿನ ಬದಿ ಅದು, ನನಗೆ ಒಬ್ಬಳೇ ಹೋಗ್ಲಿಕ್ಕೆ ಧೈರ್ಯ ಇಲ್ಲ."

ಶೀನಪ್ಪ ಡಾಕ್ಟರು ಬೆಕ್ಕನ್ನು ಮೇಜಿನ ಮೇಲೆ ಇಡಲು ಬಿಡಲಿಲ್ಲ. "ನೆಲಕ್ಕೆ ಬಿಡಿ. ಬಾಗಿಲು ಹಾಕಿ. ಸ್ವಲ್ಪ ನೋಡುವ," ಎಂದರು. ನಾವು ಮೂವರೂ ಗೋಡೆಗೆ ಒರಗಿ ಕುಳಿತೆವು. ಹೊರಗೆ ಜನ ಕಾಯುತ್ತಿದ್ದರು. ಬೆಕ್ಕು ಮೇಜಿನ ಕೆಳಗೆ ಹೋಗಿ ಕುಳಿತಿತು. ಆಗಾಗ ಕತ್ತು ಚಾಚಿ ನುಂಗುತ್ತಿತ್ತು. ಬಾಯಲ್ಲಿ ಏನೂ ಇರಲಿಲ್ಲ, ಆದರೂ ನುಂಗುತ್ತಿತ್ತು. ನುಂಗಿದ ಮೇಲೆ ತಲೆಯನ್ನು ಒಂದೇ ಬದಿಗೆ ಒದರುತ್ತಿತ್ತು. ಡಾಕ್ಟರು ಅದನ್ನೇ ನೋಡುತ್ತ ಬಹಳ ಹೊತ್ತು ಕುಳಿತರು. ನಂತರ ಕಮಲಕ್ಕನ ಕಡೆಗೆ ತಿರುಗಿ, "ನಾನು ಶೀತ ಅಂತ ಹೇಳಿದ್ದು ತಪ್ಪು. ಇದಕ್ಕೆ ಒಳಗೆ ಏನೋ ಸಿಕ್ಕಿಕೊಂಡಿದೆ. ಇದು ಹುಲ್ಲು ತಿನ್ತದಾ?" ಎಂದು ಕೇಳಿದರು.

"ತಿನ್ತದೆ. ಅಂಗಳದ ಬದಿಯಲ್ಲಿ ಬಿಳಿ ಗೆರೆಯ ಹುಲ್ಲು ಉಂಟು. ಉಜಿರೆಯಿಂದ ನನ್ನ ನಾದಿನಿ ಚಂದಕ್ಕೆ ಅಂತ ತಂದು ನೆಟ್ಟದ್ದು. ಅದನ್ನು ಬಿಟ್ಟು ಬೇರೆ ಹುಲ್ಲು ಇದಕ್ಕೆ ಬೇಡ."

ಬೆಕ್ಕಿಗೆ ಅರಿವಳಿಕೆ ಕೊಟ್ಟೆವು. ನನ್ನ ಕೈಗೆ ಟಾರ್ಚ್ ಕೊಟ್ಟರು. ಬಾಯಿ ಅಗಲಿಸಿ, ನಾಲಿಗೆ ಹೊರಗೆಳೆದು, ಅಂಗುಳದ ಹಿಂಬದಿಯ ಮೆತ್ತನೆಯ ಭಾಗವನ್ನು ಅವರು ಒಂದು ಸಣ್ಣ ಕೊಕ್ಕೆಯಿಂದ ಮುಂದಕ್ಕೆ ಎಳೆದು ಹಿಡಿದರು. ಹೆಣ್ಣು ನಾಯಿಗಳಿಗೆ ಮರಿಗಳಾಗದಂತೆ ಶಸ್ತ್ರಕ್ರಿಯೆ ಮಾಡುವಾಗ ಬಳಸುವ ಕೊಕ್ಕೆ ಅದು. ಆ ದೊಡ್ಡ ಕೈಗಳು ಅಷ್ಟು ಚಿಕ್ಕ ಬಾಯೊಳಗೆ ಅಷ್ಟು ಹಗುರವಾಗಿ ಓಡಾಡುವುದನ್ನು ನಾನು ಮೊದಲ ಬಾರಿ ನೋಡಿದೆ. ಟಾರ್ಚಿನ ಬೆಳಕಿನಲ್ಲಿ ಹಸಿರಾದದ್ದು ಏನೋ ಒಂದು ಚುಕ್ಕೆಯಷ್ಟು ಕಂಡಿತು. ಚಿಮಟದಿಂದ ಅದನ್ನು ಹಿಡಿದು ನಿಧಾನಕ್ಕೆ ಎಳೆದರು. ಅದು ಬರುತ್ತಲೇ ಹೋಯಿತು. ನನ್ನ ಕಿರುಬೆರಳಿಗಿಂತ ಉದ್ದದ ಹುಲ್ಲಿನ ಗರಿ. ಮೂಗಿನ ಒಳದಾರಿಯಲ್ಲಿ ಅಷ್ಟು ದಿನ ಇದ್ದರೂ ಬಿಳಿ ಗೆರೆ ಹಾಗೇ ಇತ್ತು, ಹಸಿರು ಹಾಗೇ ಇತ್ತು.

ಹುಲ್ಲು ತಿಂದ ಬೆಕ್ಕು ವಾಂತಿ ಮಾಡುವಾಗ ಒಂದೊಂದು ಸಲ ಗರಿ ಬಾಯಿಗೆ ಬರುವ ಬದಲು ಮೇಲಕ್ಕೆ ನುಗ್ಗಿ ಮೂಗಿನ ಹಿಂದೆ ಸೇರಿಕೊಳ್ಳುತ್ತದೆ. ಹುಲ್ಲಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿವೆ, ಅವು ಒಂದೇ ದಿಕ್ಕಿಗೆ ಬಾಗಿವೆ. ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಶೀನಪ್ಪ ಡಾಕ್ಟರು ಆ ಗರಿಯನ್ನು ನನ್ನ ಬೆರಳುಗಳ ನಡುವೆ ಕೊಟ್ಟು ಎರಡೂ ಕಡೆಗೆ ಎಳೆಯಲು ಹೇಳಿದರು. ಒಂದು ಕಡೆಗೆ ರೇಷ್ಮೆಯ ಹಾಗೆ ಜಾರಿತು, ಇನ್ನೊಂದು ಕಡೆಗೆ ಬೆರಳು ಕೊಯ್ಯಿತು.

ಬೆಕ್ಕು ಎಚ್ಚರವಾದದ್ದು ಕಮಲಕ್ಕನ ಮಡಿಲಲ್ಲಿ. ಮೊದಲು ಕಿವಿ ಅಲುಗಿತು. ನಂತರ ಅದು ಒಂದು ದೀರ್ಘ ಉಸಿರು ತೆಗೆದುಕೊಂಡಿತು. ಸದ್ದಿಲ್ಲ, ಗೊರಕೆಯಿಲ್ಲ. ಇನ್ನೊಂದು ಉಸಿರು. ಕಮಲಕ್ಕ ಕಿವಿಯನ್ನು ಅದರ ಮೂಗಿನ ಹತ್ತಿರ ಒಯ್ದು ಆ ಉಸಿರನ್ನೇ ಕೇಳುತ್ತ ಕುಳಿತರು. ನಾನು ಓದಿದ್ದೆಲ್ಲ ದೇಹದ ಕೀಲು, ನರ, ರಕ್ತದ ಬಗ್ಗೆ. ಉಸಿರು ಅಷ್ಟು ಸಣ್ಣ ದಾರಿಯಲ್ಲಿ ದಿನವಿಡೀ ಬಂದು ಹೋಗುವುದೇ ಒಂದು ದೊಡ್ಡ ಸಂಗತಿ ಎಂದು ನನಗೆ ತಿಳಿದದ್ದು ಆವತ್ತು.

ನಾನು ಮೂಡುಬಿದಿರೆಗೆ ಹೋಗುವ ಹೊತ್ತಿಗೆ ಬೆಕ್ಕುಗಳು ಬರತೊಡಗಿದ್ದವು. ಜನ ನಗುವುದನ್ನು ಬಿಟ್ಟಿದ್ದರು. ಅಲ್ಲಿ ಅನಂತರಾಜ ಮಾಸ್ಟ್ರು ಎಂದು ಒಬ್ಬರಿದ್ದರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರ ತೋಟದಲ್ಲಿ ಗುಲಾಬಿ ಇರಲಿಲ್ಲ, ಕ್ರೋಟನ್ ಇರಲಿಲ್ಲ. ಊರಿನ ಹೊರಗಿನ ಮುರಕಲ್ಲಿನ ಪದವಿನಲ್ಲಿ, ಆ ಬೋಳು ಬಯಲಿನಲ್ಲಿ, ಮಳೆ ಮುಗಿದ ಮೇಲೆ ಎತ್ತರಕ್ಕೆ ಬೆಳೆದು ಹೊಂಬಣ್ಣಕ್ಕೆ ತಿರುಗುವ ಹುಲ್ಲನ್ನು ಬುಡಸಮೇತ ಕಿತ್ತು ತಂದು ದಾರಿಯ ಎರಡೂ ಬದಿಗೆ ನೆಟ್ಟಿದ್ದರು. ನೆರೆಯವರು ಅದನ್ನು ಕಳೆ ಎಂದರು. ಸಂಜೆಯ ಬಿಸಿಲು ಅದರ ಮೇಲೆ ಬಿದ್ದಾಗ ನಾನು ನೋಡಿದ್ದೇನೆ. ಮನೆಯ ಮುಂದೆ ಯಾರೋ ದೀಪ ಹಚ್ಚಿಟ್ಟ ಹಾಗೆ ಇರುತ್ತಿತ್ತು.

ಅವರ ಬೆಕ್ಕಿನ ಹೆಸರು ಗುಂಡ. ಅದು ಆ ಹುಲ್ಲಿನ ನಡುವೆಯೇ ಮಲಗುತ್ತಿತ್ತು. ಒಮ್ಮೆ ಮುಂಗಾಲಿನ ಬೆರಳುಗಳ ಸಂದಿಯಲ್ಲಿ ಬಾವು ಬಂದು ಕುಂಟತೊಡಗಿತು. ಬಾವು ಒಡೆದು ಕೀವು ತೆಗೆದು ಕಳುಹಿಸಿದೆ. ವಾಸಿಯಾಯಿತು. ಕೆಲವು ದಿನದಲ್ಲಿ ಅದೇ ಕಾಲಿನಲ್ಲಿ, ಆದರೆ ಮಣಿಗಂಟಿನ ಮೇಲೆ, ಮತ್ತೊಂದು ಬಾವು. ಮಾಸ್ಟ್ರ ಹೆಂಡತಿ ಸುಮತಿಯಮ್ಮ, "ಒಂದು ಕಡೆ ಒಣಗಿದ್ರೆ ಇನ್ನೊಂದು ಕಡೆ ಬರ್ತದೆ ಡಾಕ್ಟ್ರೇ. ರಕ್ತ ಕೆಟ್ಟಿದೆಯಾ ಎಂತ?" ಎಂದರು. ಎಕ್ಸ್-ರೇ ತೆಗೆದರೆ ಏನೂ ಕಾಣಲಿಲ್ಲ. ಹುಲ್ಲು ಎಕ್ಸ್-ರೇಯಲ್ಲಿ ಕಾಣುವುದಿಲ್ಲ.

ಆ ಎರಡನೆಯ ಬಾವನ್ನು ಸ್ವಲ್ಪ ಅಗಲವಾಗಿ ತೆರೆದೆ. ಕೀವಿನ ಜೊತೆ ಕಂದುಬಣ್ಣದ ಮುಳ್ಳಿನಂಥದ್ದು ಬಂತು. ಅದನ್ನು ಎನಾಮಲ್ ತಟ್ಟೆಯಲ್ಲಿಟ್ಟು ತೊಳೆದು ನೋಡಿದರೆ ಬೀಜ. ಒಂದು ತುದಿ ಸೂಜಿಯಷ್ಟು ಚೂಪು, ಇನ್ನೊಂದು ತುದಿಯಲ್ಲಿ ಮುರಿದುಳಿದ ಬಾಲ. ಬೆರಳಿನ ಸಂದಿಯಲ್ಲಿ ಚುಚ್ಚಿದ್ದು ಮಾಂಸದೊಳಗೆ ತಾನೇ ನಡೆದುಕೊಂಡು ಮಣಿಗಂಟಿನವರೆಗೆ ಬಂದಿತ್ತು.

"ನಡೀತದಾ?" ಎಂದು ಮಾಸ್ಟ್ರು ಕೇಳಿದರು.

"ನಿಮ್ಮ ಹುಲ್ಲಿನ ಒಂದು ಒಣ ಬೀಜ ತನ್ನಿ, ನೋಡುವ," ಎಂದೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಅವರ ಪಂಚೆಯ ಅಂಚಿನಲ್ಲೇ ಬೇಕಾದಷ್ಟು ಅಂಟಿಕೊಂಡಿದ್ದವು. ಒಂದನ್ನು ಬಿಡಿಸಿ ತಟ್ಟೆಯಲ್ಲಿಟ್ಟೆವು. ಹಗ್ಗದ ಹಾಗೆ ತಿರುಚಿಕೊಂಡ ಉದ್ದ ಬಾಲ. ಅದರ ಮೇಲೆ ಹತ್ತಿಯಿಂದ ನೀರು ಹಿಂಡಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅದು ತಿರುಗತೊಡಗಿತು. ಯಾರೂ ಮುಟ್ಟಿರಲಿಲ್ಲ, ಗಾಳಿ ಇರಲಿಲ್ಲ. ಗಡಿಯಾರದ ಮುಳ್ಳು ಅವಸರದಲ್ಲಿದ್ದರೆ ಹೇಗೆ ತಿರುಗುವುದೋ ಹಾಗೆ ಬಾಲ ತಟ್ಟೆಯ ಮೇಲೆ ಸುತ್ತು ಹಾಕಿತು. ತಿರುಚು ಬಿಚ್ಚಿಕೊಳ್ಳುತ್ತ ಹೋದಂತೆ ಚೂಪು ತುದಿ ಮುಂದಕ್ಕೆ ಒತ್ತಿತು. ಒಣಗಿದರೆ ಮತ್ತೆ ತಿರುಚಿಕೊಳ್ಳುತ್ತದೆ, ತೇವವಾದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಇಬ್ಬನಿಯಲ್ಲಿ, ಬಿಸಿಲಿನಲ್ಲಿ, ಹೀಗೆ ತಿರುಗಿ ತಿರುಗಿ ಬೀಜ ತನ್ನನ್ನು ತಾನೇ ಮಣ್ಣಿನೊಳಗೆ ಕೊರೆದುಕೊಂಡು ಹೋಗುತ್ತದೆ. ತನ್ನ ಕೆಳಗಿರುವುದು ಪದವಿನ ಮಣ್ಣೋ ಗುಂಡನ ಕಾಲೋ ಅದಕ್ಕೆ ತಿಳಿಯುವುದಿಲ್ಲ.

ಮಾಸ್ಟ್ರು ಕನ್ನಡಕ ತೆಗೆದು ತಟ್ಟೆಯ ಮೇಲೆ ಬಗ್ಗಿದರು. "ಎಷ್ಟು ವರ್ಷದಿಂದ ಇದರ ಚಿತ್ರ ಬಿಡಿಸ್ತಿದ್ದೇನೆ. ನಿಂತಿರುವ ವಸ್ತು ಅಂತಲೇ ಬಿಡಿಸಿದ್ದು," ಎಂದರು. ಗುಂಡ ಆಗಲೂ ಮೇಜಿನ ಮೇಲೆ ಅರಿವಳಿಕೆಯ ನಿದ್ದೆಯಲ್ಲಿತ್ತು.

ಹುಲ್ಲನ್ನು ಕೀಳಬೇಕಾ ಎಂದು ಸುಮತಿಯಮ್ಮ ಕೇಳಿದಾಗ, ಬೇಡವೆಂದೆ. ಹೂ ಬರಲಿ, ಬಣ್ಣ ಬರಲಿ, ಬೀಜ ಒಣಗುವ ಮೊದಲು ತಲೆ ಮಾತ್ರ ಕತ್ತರಿಸಿ ಎಂದೆ. ಮಾಸ್ಟ್ರು ಹಾಗೇ ಮಾಡಿದರು. ಈಗ ನರ್ಸರಿಯಲ್ಲಿ ಸಿಗುವ ಹುಲ್ಲುಗಳ ಬಗ್ಗೆಯೂ ನಾನು ಕೊಡುವ ಸಲಹೆ ಇದೇ. ಬೀಜಕ್ಕೆ ಮುಳ್ಳಿದ್ದರೆ ಒಣಗಲು ಬಿಡಬೇಡಿ. ಅಂಚು ಕೊಯ್ಯುವ ಹಾಗಿದ್ದರೆ ಬೆಕ್ಕಿನ ದಾರಿಯಿಂದ ದೂರ ನೆಡಿ. ಔಷಧಿ ಹೊಡೆಯಬೇಡಿ. ಹುಲ್ಲಿನಲ್ಲಿ ವಿಷವಿಲ್ಲದಿದ್ದರೂ ನಾವು ಹೊಡೆದದ್ದು ಬೆಕ್ಕಿನ ಹೊಟ್ಟೆಗೇ ಹೋಗುತ್ತದೆ.

ಕೊನೆಗೆ ಬಂಟ್ವಾಳಕ್ಕೆ ಬಂದೆ. ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ಜನ ಪ್ರಾಣಿಗಿಂತ ಮೊದಲು ಅದರ ಫೋಟೊ ಕಳುಹಿಸುತ್ತಿದ್ದರು. ರಕ್ತವನ್ನು ಬೆಳಗ್ಗೆ ಮಂಗಳೂರಿಗೆ ಕಳುಹಿಸಿದರೆ ಸಂಜೆಗೆ ವರದಿ ಫೋನಿನಲ್ಲಿರುತ್ತಿತ್ತು. ಒಂದು ಬೆಳಗ್ಗೆ ಪಾಣೆಮಂಗಳೂರಿನ ಹಮೀದ್ ಎಂಬವರು ಕಾರಿನಲ್ಲಿ ಬಂದು ಇಳಿದರು. ಗಲ್ಫಿನಲ್ಲಿ ಕೆಲಸ. ಮಗಳ ಮದುವೆಗೆ ರಜೆ ಹಾಕಿ ಬಂದವರು, ಮದುವೆ ಹಿಂದಿನ ದಿನವಷ್ಟೇ ಆಗಿತ್ತು. ಒಂದು ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಅದರೊಳಗೆ ಬಿಳಿ ಬೆಕ್ಕು. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ, ಅದರಲ್ಲಿ ಬೇರು ಮಣ್ಣು ಸಮೇತ ಕಿತ್ತ ಹುಲ್ಲಿನ ಒಂದು ಬುಡ. ನೇರಳೆ ಬಣ್ಣದ ಗರಿ, ಬೆಕ್ಕಿನ ಬಾಲದ ಹಾಗೆ ಬಾಗಿದ ಮೆತ್ತನೆಯ ತೆನೆ.

"ಡಾಕ್ಟ್ರೇ, ಮೊದಲು ಇದನ್ನು ನೋಡಿ. ಈ ಹುಲ್ಲು ವಿಷವಾ?" ಎಂದರು. "ಮನೆಯ ಮುಂದೆ ನಾನೇ ನೆಡಿಸಿದ್ದು. ಮೊಬೈಲಿನಲ್ಲಿ ನೋಡಿದ್ರೆ ಒಬ್ಬ ತೊಂದರೆ ಇಲ್ಲ ಅಂತಾನೆ, ಇನ್ನೊಬ್ಬ ಕಿತ್ತು ಬಿಸಾಡಿ ಅಂತಾನೆ. ಉಮ್ಮನಿಗೆ ಈ ಹುಲ್ಲು ಮೊದಲೇ ಇಷ್ಟ ಇರ್ಲಿಲ್ಲ. ಮನೆ ಮುಂದಿನ ಹುಲ್ಲನ್ನು ಜನ ಕೀಳ್ತಾರೆ, ನೀನು ನೆಡ್ತೀಯಾ ಅಂದಿದ್ರು. ಈಗ ಅವರ ಮುತ್ತು ಬೆಳಗ್ಗಿನಿಂದ ವಾಂತಿ ಮಾಡ್ತಾ ಉಂಟು. ವಾಂತಿಯಲ್ಲಿ ಇದೇ ಹುಲ್ಲು. ನೆಂಟರ ಎದುರಲ್ಲೇ ನನ್ನನ್ನು ಬೈದರು. ನಾಳೆ ಸಂಜೆ ನನಗೆ ಫ್ಲೈಟ್."

ಹುಲ್ಲನ್ನು ನೋಡಿದೆ. ಅದು ನನಗೆ ಗೊತ್ತಿದ್ದ ಹುಲ್ಲು. ಅಂಚು ಅಷ್ಟು ಒರಟಲ್ಲ, ತೆನೆ ಎಳೆಯದು. ಇದರಿಂದ ಹೀಗಾಗದು ಎಂದು ಹೇಳಿ ಬೆಕ್ಕನ್ನು ಎತ್ತಿದೆ. ಜೊಲ್ಲು ಸುರಿಯುತ್ತಿತ್ತು, ಮೈ ಸೋತು ಒದ್ದೆ ಬಟ್ಟೆಯ ಹಾಗಾಗಿತ್ತು. ನೆಲಕ್ಕೆ ಬಿಟ್ಟು ಸುಮ್ಮನೆ ನೋಡುತ್ತ ಕುಳಿತೆ. ಅದು ಎರಡು ಹೆಜ್ಜೆ ಇಟ್ಟು ಕಿಟಕಿಯ ಬೆಳಕಿನಲ್ಲಿ ಮಲಗಿತು. ಆಗ ಅದರ ಕುತ್ತಿಗೆಯ ಬಿಳಿ ರೋಮದ ಮೇಲೆ ಒಂದು ಕಲೆ ಕಾಣಿಸಿತು. ಅರಿಶಿನವೆಂದುಕೊಂಡೆ. ಒದ್ದೆ ಹತ್ತಿಯಿಂದ ಒರೆಸಿದರೆ ಅರಿಶಿನದ ಹಳದಿಯಲ್ಲ, ತುಕ್ಕಿನ ಬಣ್ಣ. ನುಣ್ಣನೆಯ ಪುಡಿ.

"ಮನೆಯಲ್ಲಿ ಹೂವು ಉಂಟಾ ಹಮೀದರೇ?"

"ಮದುವೆ ಮನೆ ಅಲ್ವಾ, ಹೂವೇ ಹೂವು."

"ಫೋನಿನಲ್ಲಿ ತೋರಿಸ್ಲಿಕ್ಕೆ ಹೇಳಿ."

ಅವರು ಮನೆಗೆ ವಿಡಿಯೊ ಕರೆ ಮಾಡಿದರು. ಅವರ ತಂಗಿ ಸಫಿಯಾ, ಮಂಗಳೂರಿನಲ್ಲಿ ನರ್ಸ್ ಆಗಿರುವವಳು, ಫೋನ್ ಹಿಡಿದು ಕೋಣೆಯಿಂದ ಕೋಣೆಗೆ ನಡೆದಳು. ಮಲ್ಲಿಗೆ, ಸೇವಂತಿಗೆ, ಗುಲಾಬಿ. ಹಜಾರದ ಮೇಜಿನ ಮೇಲೆ ಒಂದು ದೊಡ್ಡ ಗಾಜಿನ ಹೂದಾನಿ. ಅದರಲ್ಲಿ ಬಿಳಿಯ ಲಿಲ್ಲಿ ಹೂಗಳು, ಅಂಗೈಯಷ್ಟು ದೊಡ್ಡವು, ನಡುವಿನಿಂದ ಹೊರಗೆ ಚಾಚಿದ ಕೇಸರಗಳ ತುದಿಯಲ್ಲಿ ಅದೇ ತುಕ್ಕಿನ ಬಣ್ಣದ ಪುಡಿ. ಒಂದು ಎಸಳಿನ ಅಂಚು ಕಚ್ಚಿದ ಹಾಗಿತ್ತು. ಮೇಜಿನ ಬಟ್ಟೆಯ ಮೇಲೆ ಪುಡಿ ಉದುರಿತ್ತು, ಅದರಲ್ಲಿ ಬೆಕ್ಕಿನ ಹೆಜ್ಜೆ.

ಈ ಹೂವಿನ ಬಗ್ಗೆ ಓದಿದ್ದೆ. ಬೆಕ್ಕಿಗೆ ಇದರ ಎಸಳು ಬೇಕಾಗಿಲ್ಲ, ಮೈಮೇಲೆ ಬಿದ್ದ ಪುಡಿಯನ್ನು ನೆಕ್ಕಿಕೊಂಡರೆ ಸಾಕು, ಮೂತ್ರಪಿಂಡ ನಿಂತುಹೋಗುತ್ತದೆ. ನಾಯಿ ತಿಂದರೆ ಹೊಟ್ಟೆ ಕೆಟ್ಟು ಸುಮ್ಮನಾಗುತ್ತದೆ. ಬೆಕ್ಕಿಗೆ ಮಾತ್ರ ಏಕೆ ಹೀಗೆ ಎಂದು ನಾನು ಓದಿದ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಇದಕ್ಕೆ ಮದ್ದೂ ಇಲ್ಲ. ನೀರು ಕೊಟ್ಟು ಕಾಯುವುದೊಂದೇ ದಾರಿ. ಬೆಂಗಳೂರಿನಲ್ಲಿ ಬೆಕ್ಕುಗಳಿಗೇ ಚಿಕಿತ್ಸೆ ಮಾಡುವ ನನ್ನ ಸಹಪಾಠಿಗೆ ಫೋನ್ ಮಾಡಿದೆ. "ಹೊತ್ತು ಕಳೀಬೇಡ. ಮೈ ತೊಳಿ, ಡ್ರಿಪ್ ಹಾಕು. ಎರಡು ಮೂರು ದಿನ ನಿಲ್ಲಿಸಬೇಡ. ಮೂತ್ರ ಬರ್ತಾ ಇದೆಯಾ ಅಂತ ನೋಡ್ತಾ ಇರು. ಅದು ನಿಂತರೆ ಕಷ್ಟ," ಎಂದಳು.

ಮುತ್ತುವಿನ ಮೈಯನ್ನು ಸಾಬೂನಿನಲ್ಲಿ ತೊಳೆದೆವು. ಹಸುಳೆಗಳಿಗೆ ಹಾಕುವ ಅತಿ ಸಣ್ಣ ಸೂಜಿ ತರಿಸಿ ಮುಂಗಾಲಿನ ರಕ್ತನಾಳಕ್ಕೆ ಚುಚ್ಚಿ ಡ್ರಿಪ್ ಹಚ್ಚಿದೆ. ರಕ್ತ ಮಂಗಳೂರಿಗೆ ಹೋಯಿತು. ನಮ್ಮಲ್ಲಿ ಸಂಜೆಯ ಮೇಲೆ ಬೆಕ್ಕನ್ನು ಇರಿಸಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಸಫಿಯಾ ಫೋನಿನಲ್ಲೇ, "ಮನೆಗೆ ತನ್ನಿ. ಡ್ರಿಪ್ ನಾನು ನೋಡಿಕೊಳ್ತೇನೆ," ಎಂದಳು. ಮಧ್ಯಾಹ್ನದ ಹೊತ್ತಿಗೆ ನಾನೂ ಜೊತೆಗೆ ಹೋದೆ.

ಹಮೀದರ ತಾಯಿ ಐಸಮ್ಮ ಒಳಕೋಣೆಯಲ್ಲಿ ಹಾಸಿಗೆ ಹಾಸಿ ಕಾಯುತ್ತಿದ್ದರು. ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆವು. ಅಂಗಳದಲ್ಲಿ ಹಮೀದರು ಬೆಳಗ್ಗೆ ಕಿತ್ತುಹಾಕಿದ ಹುಲ್ಲಿನ ರಾಶಿ ಬಿಸಿಲಿನಲ್ಲಿ ಬಿದ್ದಿತ್ತು. ನಾನು ಐಸಮ್ಮನ ಹತ್ತಿರ ಕುಳಿತು, ಕಾರಣ ಹುಲ್ಲಲ್ಲ, ಹೂವು ಎಂದು ಹೇಳಿದೆ. ಅವರ ಮುಖ ಬದಲಾಯಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಆ ಹೂವು ಮದುಮಗನ ಮನೆಯವರು ತಂದದ್ದು ಡಾಕ್ಟ್ರೇ. ನಿನ್ನೆ ನಿಕಾಹ್, ಇವತ್ತು ಈ ಮಾತು ಹೊರಗೆ ಹೋಗಬಾರದು. ಹುಲ್ಲು ಅಂತಲೇ ಇರ್ಲಿ. ಮಗನಿಗೆ ನಾನು ಆಮೇಲೆ ಸಮಾಧಾನ ಹೇಳ್ತೇನೆ. ಅವ ನನ್ನ ಮಗ, ಬೈಸಿಕೊಳ್ತಾನೆ."

ಹೊರಗಿನ ಕೋಣೆಯಲ್ಲಿ ನೆಂಟರು ಆಗಲೇ ಮಾತಾಡುವುದು ಕೇಳುತ್ತಿತ್ತು. ನಮ್ಮಲ್ಲೂ ಅದೇ ಹುಲ್ಲುಂಟು, ಹೋದ ಕೂಡಲೇ ಕೀಳಬೇಕು ಎಂದು ಯಾರೋ ಹೇಳುತ್ತಿದ್ದರು. ಮನೆತನದ ಮರ್ಯಾದೆಯ ವಿಷಯ, ನಾನು ಹೊರಗಿನವಳು. ಡ್ರಿಪ್ಪಿನ ಹನಿಯ ವೇಗ ಸರಿಮಾಡಿದೆ. ಆಮೇಲೆ ಕೇಳಿದೆ:

"ಮದುಮಗನ ಮನೆಯಲ್ಲಿ ಪುಚ್ಚೆ ಉಂಟಾ ಐಸಮ್ಮ?"

"ಉಂಟು. ಮೊನ್ನೆ ಮರಿ ಹಾಕಿದ್ದು ಅಂತ ಹುಡುಗಿ ಹೇಳ್ತಿದ್ಲು."

"ಅಲ್ಲಿಯೂ ಇದೇ ಹೂವು ಇರಬಹುದಲ್ಲ?"

ಐಸಮ್ಮ ಮುತ್ತುವಿನ ತಲೆಯ ಮೇಲೆ ಇಟ್ಟ ಕೈಯನ್ನು ತೆಗೆಯಲಿಲ್ಲ. ಆಮೇಲೆ ಸಫಿಯಾಳನ್ನು ಕರೆದು ಫೋನ್ ಹಚ್ಚಲು ಹೇಳಿದರು. ಮದುಮಗನ ತಾಯಿಯ ಜೊತೆ ಅವರು ಮಾತಾಡಿದ್ದನ್ನು ನಾನು ಕೇಳಿದೆ. ಹೂವು ಎಷ್ಟು ಚಂದವಿತ್ತೆಂದು ಮೊದಲು ಹೇಳಿದರು. ಇಷ್ಟು ಚಂದದ ಹೂವನ್ನು ನಮ್ಮ ಊರಿನಲ್ಲಿ ಯಾರೂ ಕಂಡಿಲ್ಲ, ಅದು ಪುಚ್ಚೆಗೆ ಆಗುವುದಿಲ್ಲವೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಈಗ ಡಾಕ್ಟ್ರು ಹೇಳಿದರು, ನಿಮ್ಮ ಮರಿಗಳನ್ನು ನೋಡಿಕೊಳ್ಳಿ, ಎಂದರು. ಆ ಕಡೆಯವರು ತಮ್ಮಲ್ಲಿದ್ದ ಹೂದಾನಿಯನ್ನು ಕೂಡಲೇ ಹೊರಗೆ ಒಯ್ದರಂತೆ. ಅಲ್ಲಿನ ಬೆಕ್ಕು ಮರಿಗಳನ್ನು ಬಿಟ್ಟು ಹಜಾರಕ್ಕೆ ಬಂದೇ ಇರಲಿಲ್ಲವಂತೆ. ಮದುಮಗನ ತಾಯಿ ಆಮೇಲೆ ಮುತ್ತುವಿನ ಸಮಾಚಾರ ಕೇಳಿ ಎರಡು ಸಲ ಫೋನ್ ಮಾಡಿದರು.

ಸಂಜೆ ರಕ್ತದ ವರದಿ ಬಂತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಬೆಳಗ್ಗೆ ಆಸ್ಪತ್ರೆಯಲ್ಲಿ ಸ್ವಲ್ಪ ಮೂತ್ರ ಮಾಡಿದ್ದ ಬೆಕ್ಕು ಆಮೇಲೆ ಮಾಡಿರಲಿಲ್ಲ. ಹನಿಯನ್ನು ಎಷ್ಟು ವೇಗಕ್ಕೆ ಬಿಡಬೇಕೆಂದು ಸಫಿಯಾಳಿಗೆ ಹೇಳಿ ಮನೆಗೆ ಬಂದೆ.

ಮರುದಿನ ಬೆಳಗ್ಗೆ ಹೋದಾಗಲೂ ಮೂತ್ರವಿರಲಿಲ್ಲ. ಹೊಟ್ಟೆ ಮುಟ್ಟಿ ನೋಡಿದೆ. ಎರಡೂ ಮೂತ್ರಪಿಂಡಗಳು ಬೆರಳಿಗೆ ಸಿಕ್ಕವು. ಸಿಪ್ಪೆಯಿರುವ ಹಸಿ ಅಡಿಕೆಯ ಗಾತ್ರದವು. ಒಳಗೆ ಹೋದ ನೀರು ಹೊರಗೆ ಬರದಿದ್ದರೆ ಅದೇ ನೀರು ಶ್ವಾಸಕೋಶಕ್ಕೆ ತುಂಬುತ್ತದೆ. ಹನಿಯನ್ನು ನಿಧಾನ ಮಾಡಿದೆ, ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟೆ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಷ್ಟು ವರ್ಷದ ಕೆಲಸದ ಕೊನೆಗೆ, ಎರಡು ಅಡಿಕೆಯಷ್ಟು ಮಾಂಸ ಮತ್ತೆ ಕೆಲಸ ಶುರುಮಾಡುತ್ತದೋ ಇಲ್ಲವೋ ಎಂದು ಕಾಯುತ್ತ ನೆಲದ ಮೇಲೆ ಕುಳಿತಿದ್ದೆ. ಬೆಳಗಿನಿಂದ ಸಂಜೆಯವರೆಗೆ ನಮ್ಮೆಲ್ಲರ ಮೈಯಲ್ಲಿ ಈ ಕೆಲಸ ಯಾರೂ ಹೇಳದೆ ನಡೆಯುತ್ತದೆ. ಅದು ನಿಂತಾಗಲೇ ಅದು ಇತ್ತೆಂದು ನಮಗೆ ನೆನಪಾಗುವುದು.

ಹಮೀದರು ಹೊಳೆಯ ಬದಿಯಿಂದ ಒಣ ಮರಳು ತಂದು ಅಗಲವಾದ ತಟ್ಟೆಯಲ್ಲಿ ಹರಡಿ ಹಾಸಿಗೆಯ ಪಕ್ಕದಲ್ಲಿಟ್ಟಿದ್ದರು. ಐಸಮ್ಮ ತಸ್ಬಿಯ ಮಣಿ ಎಣಿಸುತ್ತಿದ್ದರು. ಮಧ್ಯಾಹ್ನ ಕಳೆಯಿತು. ಹಮೀದರ ಪೆಟ್ಟಿಗೆಗಳನ್ನು ಕಾರಿಗೆ ಏರಿಸಿದರು. ಅವರು ಪ್ರಯಾಣದ ಅಂಗಿ ಹಾಕಿಕೊಂಡು ಬಂದು ಬಾಗಿಲ ಬಳಿ ನಿಂತರು.

"ಉಮ್ಮ, ಹೊರಡುವ ಹೊತ್ತಾಯ್ತು."

ಐಸಮ್ಮ ತಲೆಯೆತ್ತಿದಾಗಲೇ ಮುತ್ತು ಎದ್ದಿತು. ಹಿಂಗಾಲು ನಡುಗುತ್ತಿತ್ತು. ಡ್ರಿಪ್ಪಿನ ಕೊಳವೆಯನ್ನು ಎಳೆದುಕೊಂಡು ಅದು ಮರಳಿನ ತಟ್ಟೆಯ ಅಂಚಿಗೆ ಹೋಯಿತು. ಸಫಿಯಾ ಕೊಳವೆಯನ್ನು ಮೆಲ್ಲನೆ ಎತ್ತಿ ಹಿಡಿದಳು. ಬೆಕ್ಕು ಮರಳನ್ನು ಮೂಸಿತು, ಒಂದು ಕಾಲಿನಿಂದ ಕೆರೆಯಿತು, ದಣಿದು ನಿಂತಿತು, ಮತ್ತೆ ಕೆರೆಯಿತು. ಆಮೇಲೆ ತಿರುಗಿ ಕುಳಿತು ದೂರದಲ್ಲಿ ಏನನ್ನೋ ನೋಡುವ ಹಾಗೆ ಕಣ್ಣು ಅರ್ಧ ಮುಚ್ಚಿತು. ಬಾಗಿಲಲ್ಲಿ ಇಣುಕುತ್ತಿದ್ದ ನೆಂಟರು ಅಲ್ಲೇ ನಿಂತರು. ಅದು ಬಹಳ ಹೊತ್ತು ಕುಳಿತಿತ್ತು. ಎದ್ದು, ಪದ್ಧತಿಯಂತೆ ಮರಳು ಮುಚ್ಚಿ, ಹಾಸಿಗೆಗೆ ಹಿಂತಿರುಗಿತು.

ನಾನು ಮೊಣಕಾಲೂರಿ ತಟ್ಟೆಯೊಳಗೆ ಅಂಗೈ ಇಟ್ಟೆ. ಮರಳು ತೇವವಾಗಿತ್ತು. ಒಂದು ಹಿಡಿಯಷ್ಟು ಜಾಗ, ಬೆಚ್ಚಗೆ ಇತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ.

"ಬಂತಾ ಡಾಕ್ಟ್ರೇ?" ಎಂದು ಐಸಮ್ಮ ಕೇಳಿದರು.

"ಬಂತು."

"ಅಲ್‌ಹಮ್ದುಲಿಲ್ಲಾಹ್," ಎಂದರು ಅವರು, ಸದ್ದಿಲ್ಲದೆ. ಸಫಿಯಾ ಗೋಡೆಯ ಕಡೆಗೆ ತಿರುಗಿ ಕಣ್ಣೊರೆಸಿಕೊಂಡಳು. ಹೊರಗೆ ಕಾರಿನವನು ಹಾರ್ನ್ ಹಾಕಿದ.

ಐಸಮ್ಮ ಎದ್ದು ಮಗನ ಎದುರು ಹೋಗಿ ನಿಂತರು. "ಹೊರಡುವ ಮೊದಲು ಆ ಹುಲ್ಲನ್ನು ನೆಟ್ಟು ಹೋಗು," ಎಂದರು. "ಬೇರು ಒಣಗಿಲ್ಲ. ನಿನ್ನೆಯಿಂದ ನಾನೇ ನೀರು ಹಾಕಿ ಇಟ್ಟಿದ್ದೇನೆ."

ಹಮೀದರು ಅಂಗಳಕ್ಕೆ ಇಳಿದರು. ಪ್ರಯಾಣದ ಅಂಗಿಯ ತೋಳು ಮಡಚಿ, ಕಿತ್ತ ಗುಂಡಿಗಳಲ್ಲಿ ಒಂದೊಂದೇ ಬುಡವನ್ನು ಇಟ್ಟು ಮಣ್ಣು ಒತ್ತಿದರು. ಕೆಲವು ಗರಿಗಳು ಬಾಡಿದ್ದವು, ಹೆಚ್ಚಿನವು ನಿಂತವು. ಕೊನೆಯ ಬುಡ ನೆಟ್ಟು ಅವರು ಎದ್ದಾಗ ಐಸಮ್ಮ ಚೆಂಬಿನಲ್ಲಿ ನೀರು ಹಿಡಿದುಕೊಂಡು ಪಕ್ಕದಲ್ಲಿದ್ದರು. ಮಗ ಎರಡೂ ಕೈ ಚಾಚಿದರು. ತಾಯಿ ಅವಸರವಿಲ್ಲದೆ ನೀರು ಹೊಯ್ದರು, ಬೆರಳುಗಳ ಸಂದಿಯ ಮಣ್ಣು ಪೂರ್ತಿ ಹೋಗುವವರೆಗೆ.